ಅದೇ ಕೊಡೆ, ಅಂಥದೇ ಕೊಡೆ

ನಮ್ಮ ಸೋದರತ್ತೆಯನ್ನು ಊರೆಲ್ಲ ‘ಗುರುತತ್ತೆ’ ಎಂದೇ ಕರೆಯುತ್ತದೆ. ಬಸ್ ನಿಲ್ದಾಣದ ಮೂಲೆಯಲ್ಲಿ, ಪ್ರಯಾಣಿಕರು ಮರೆತುಹೋದ ಸಾಮಾನು ಇಡುವ ಕೋಣೆಗೆ ಅವಳೇ ರಾಣಿ. ಯಾರೇ ಬರಲಿ, ಮೊದಲ ಮಾತು ‘ಗುರುತೇನು?’ ಕಪ್ಪು ಚೀಲ ಎಂದರೆ ಸಾಲದು, ಅದರ ಜಿಪ್ಪು ಎಲ್ಲಿ ಕಚ್ಚಿಕೊಳ್ಳುತ್ತದೆಂದೂ ಹೇಳಬೇಕು. ಒಮ್ಮೆ ವಕೀಲರೊಬ್ಬರು ತಮ್ಮ ಹಲ್ಲುಸೆಟ್ಟಿನ ಗುರುತು ಹೇಳಲಾಗದೆ ತಬ್ಬಿಬ್ಬಾಗಿ, ಕೊನೆಗೆ ಅಲ್ಲೇ ಹಾಕಿಕೊಂಡು ತೋರಿಸಿ ಬಿಡಿಸಿಕೊಂಡರು. ‘ಅಂಥದೇ ಬೇರೆ, ಅದೇ ಬೇರೆ’ ಎನ್ನುವುದು ಅತ್ತೆಯ ವೇದವಾಕ್ಯ.

ಮಾವ ಬಡಗಿ. ಮಾತಿನಲ್ಲೂ ಕೈ ಬಿಗಿ, ಉಡುಗೊರೆಯಲ್ಲೂ ಕೈ ಬಿಗಿ. ಅಂಥವನು ಮೊನ್ನೆ ಇದ್ದಕ್ಕಿದ್ದಂತೆ ಅವಳಿಗೊಂದು ಕಪ್ಪು ಕೊಡೆ ತಂದುಕೊಟ್ಟ. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಬಾಯಿಬಿಟ್ಟು ಕೇಳದೆ ಸಿಕ್ಕ ಮೊದಲ ವಸ್ತು ಅದು. ಅತ್ತೆ ಅದನ್ನು ಬಿಡಿಸಿ ಹಿಡಿದು ಅಡುಗೆಮನೆಯಿಂದ ಪಡಸಾಲೆಗೆ ನಾಲ್ಕು ಸಲ ಓಡಾಡಿದಳು. ಮರುದಿನವೇ ಬಸ್ಸಿನಲ್ಲಿ ಮರೆತಳು.

ಸಂಜೆ ನಾನು ಅವಳನ್ನು ಕರೆತರಲು ಹೋದಾಗ ವಿಷಯ ತಿಳಿಯಿತು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಲ್ಲಿ ಬಿತ್ತು ಎಂದು ನಕ್ಕೆ. ಅವಳ ಕಣ್ಣು ತುಂಬಿದ್ದು ಕಂಡು ನಗು ನುಂಗಿಕೊಂಡೆ.

ಅಷ್ಟರಲ್ಲಿ ಕಂಡಕ್ಟರು ಕೊಡೆ ತಂದರು. ಒಂದಲ್ಲ, ಎರಡು! ಒಂದೇ ಬಸ್ಸಲ್ಲಿ ಸಿಕ್ಕಿದವು, ಒಂದೇ ಅಂಗಡಿಯವು, ಎರಡೂ ಹೊಚ್ಚ ಹೊಸವು. ಒಂದು ಗೀರಿಲ್ಲ, ಒಂದು ಕಲೆಯಿಲ್ಲ. ಅತ್ತೆ ಕನ್ನಡಕ ಏರಿಸಿ ನೋಡಿದಳು, ಇಳಿಸಿ ನೋಡಿದಳು, ಮೂಸಿಯೂ ನೋಡಿದಳು.

“ಯಾವ್ದಾದ್ರೂ ಒಂದು ತಗೊಳ್ಳಿ ಅಕ್ಕ, ಎರಡೂ ಒಂದೇ” ಎಂದರು ಕಂಡಕ್ಟರು.

“ಅಂಥದ್ದು ಅಂಗಡೀಲೂ ಸಿಗುತ್ತೆ. ನಂಗೆ ಅವ್ರು ಕೊಟ್ಟಿದ್ದೇ ಬೇಕು.”

ಮಾವನನ್ನು ಕರೆಸಿದಳು. ಅವನು ಎರಡನ್ನೂ ತಿರುವಿ ಮುರುವಿ ನೋಡಿ ತಲೆ ಕೆರೆದುಕೊಂಡ. “ನಂಗೂ ಗೊತ್ತಾಗ್ತಿಲ್ಲ ಕಣೆ.”

“ಕೊಟ್ಟೋರಿಗೇ ಗುರುತು ಗೊತ್ತಿಲ್ಲ ಅಂದ್ರೆ ಹೇಗೆ?”

“ಈಗ ನೀನೇ ಕಳೆದುಹೋದೆ ಅನ್ಕೋ. ಏನಂತ ಗುರುತು ಹೇಳ್ಲಿ? ಎರಡು ಕಣ್ಣು, ಒಂದು ಮೂಗು, ಮೂಗಿನ ತುದೀಲಿ ಕೋಪ. ಅಂಥೋರು ಊರ್ತುಂಬ ಇದಾರೆ. ನಂಗೆ ನೀನೇ ಬೇಕು ಅಂತೀನಿ, ಅಷ್ಟೇ.”

ಅತ್ತೆ ಮುಖ ಒರೆಸಿಕೊಳ್ಳುವ ನೆಪದಲ್ಲಿ ಸೆರಗಿನಿಂದ ನಗು ಮುಚ್ಚಿಕೊಂಡಳು. ಅವಳು ನಾಚಿದ್ದನ್ನು ನಾನು ನೋಡಿದ್ದು ಅದೇ ಮೊದಲು. ನನಗಂತೂ ಮಾವನನ್ನು ಎತ್ತಿ ಕುಣಿಸಬೇಕೆನ್ನುವಷ್ಟು ಖುಷಿಯಾಯಿತು.

ಇನ್ನೊಂದು ಕೊಡೆ ಕಳೆದುಕೊಂಡಿದ್ದ ಹಲ್ಲಿನ ಡಾಕ್ಟರು ಅಂಗಡಿ ರಸೀದಿ ಹಿಡಿದು ಆಗಲೇ ಬಂದರು. “ಯಾವ್ದಾದ್ರೇನಮ್ಮ!” ಎಂದು ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಹೊರಟೇಹೋದರು. ಅತ್ತೆ ಉಳಿದ ಕೊಡೆಯನ್ನೇ ನೋಡುತ್ತ ನಿಂತಳು.

“ಈಗ ಇದು ಅದೋ, ಅಂಥದೋ?”

ಮಾವ ಆ ಕೊಡೆಯನ್ನು ತೆಗೆದುಕೊಂಡು, ಅಂಗಿಯ ಅಂಚಿನಿಂದ ಹಿಡಿ ಒರೆಸಿ, ಎರಡೂ ಕೈಯಲ್ಲಿ ಅವಳ ಮುಂದೆ ಚಾಚಿದ. “ತಗೋ. ಇನ್ನೊಂದ್ಸಲ ಕೊಡ್ತಿದೀನಿ.”

ಅತ್ತೆ ಕೊಡೆಯನ್ನು ಕಂಕುಳಲ್ಲಿ ಇರುಕಿಕೊಂಡು ರಿಜಿಸ್ಟರ್ ತೆರೆದಳು. ವಾರಸುದಾರರ ಜಾಗದಲ್ಲಿ ತನ್ನ ಸಹಿ ಹಾಕಿದಳು. ‘ಗುರುತು’ ಎಂಬ ಕಾಲಮ್ಮಿನಲ್ಲಿ ದುಂಡಗೆ ಬರೆದಳು: ‘ಎರಡು ಸಲ ಕೊಟ್ಟದ್ದು.’