ಸೊನ್ನೆ ಹಾಕದ ಹಟ

ನಮ್ಮ ಅಡುಗೆಮನೆಯ ನೀರಿನ ಫಿಲ್ಟರಿಗೆ ಒಂದು ಕೆಂಪು ದೀಪವಿದೆ. ನೀರು ಸರಿಯಾಗಿ ಬರುತ್ತಿದ್ದರೂ ಅದು ಮಿಣುಕುತ್ತಲೇ ಇರುತ್ತದೆ. ರಿಪೇರಿಯವನು ಬಂದು, ಏನೂ ಆಗಿಲ್ಲ ಎಂದು ಹೇಳಿ, ಚಹಾ ಕುಡಿದು ಹೋದ. ಕೊನೆಗೆ ನಮ್ಮ ಯಜಮಾನರು ದೀಪದ ಮೇಲೆ ಕಪ್ಪು ಪಟ್ಟಿ ಅಂಟಿಸಿ ಜಗಳ ಮುಗಿಸಿದರು. ಇವತ್ತು ಬೆಳಿಗ್ಗೆ ನಾನು ಆ ಪಟ್ಟಿ ಕಿತ್ತು ಹಾಕಿದೆ. ಯಾಕೆಂದು ಅವರು ಕೇಳಲಿಲ್ಲ, ನೀವಾದರೂ ಕೇಳಿ.

ಸುಳ್ಳು ಎಚ್ಚರಿಕೆಗಳು ನನಗೆ ಹೊಸವಲ್ಲ. ಸೊಲ್ಲಾಪುರದ ನನ್ನ ತವರು ಬಟ್ಟೆ ವ್ಯಾಪಾರದವರ ಮನೆ. ಯಾರಾದರೂ ಹೊರಟಾಗ ಇನ್ಯಾರೋ ಸೀನಿದರೆ ಸಾಕು, ಅಜ್ಜಿ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದಳು. "ಕೂಡ್ರಿ, ಒಂದ ಗುಟುಕು ನೀರು ಕುಡದು ಹೋಗ್ರಿ." ಮನೆಗೆ ನೆಗಡಿ ಬಂದರೆ ಅಂಗಡಿ ತೆರೆಯುವುದೇ ಮಧ್ಯಾಹ್ನಕ್ಕೆ. ಯಾವ ಸೀನಿನಿಂದಲೂ ಯಾರ ಕಾಲೂ ಮುರಿದದ್ದನ್ನು ನಾನು ಕಾಣೆ. ಆದರೂ ಆ ಗುಟುಕು ನೀರು ಗಂಟಲಿಗಿಳಿದರೆ ಎಲ್ಲರಿಗೂ ನಿರಾಳ.

ಎಪ್ಪತ್ತರ ದಶಕದಲ್ಲಿ ನಾನು ಸಂಖ್ಯಾಶಾಸ್ತ್ರ ಓದಿ ಮುಗಿಸಿ, ಕಾಲೇಜಿನ ಒಬ್ಬ ಸರ್ ಕೈಕೆಳಗೆ ಕೆಲಸಕ್ಕಿದ್ದೆ. ಮಳೆ ಕೈಕೊಟ್ಟ ವರ್ಷ. ಅಕ್ಕಲಕೋಟ ತಾಲೂಕಿನ ಊರೂರ ಬಾವಿಯಲ್ಲಿ ನೀರು ಎಷ್ಟು ಆಳಕ್ಕಿದೆ ಎಂದು ನಾವು ಸರ್ಕಾರಕ್ಕೆ ಯಾದಿ, ಅಂದರೆ ಪಟ್ಟಿ, ಮಾಡಿ ಕೊಡಬೇಕಿತ್ತು. ನೀರು ಎಲ್ಲಿ ಹೆಚ್ಚು ಆಳಕ್ಕಿಳಿದಿದೆಯೋ ಆ ಊರಿಗೆ ಬೋರು ಕೊರೆಯುವ ಯಂತ್ರ ಮೊದಲು ಹೋಗುತ್ತದೆ. ಯಂತ್ರವೋ ಒಂದೇ. ಕಂಪ್ಯೂಟರ್ ಇದ್ದದ್ದು ಪುಣೆಯಲ್ಲಿ. ನಾನು ಪ್ರೋಗ್ರಾಂ ಬರೆದು, ಸಾಲಿಗೊಂದು, ಊರಿಗೊಂದು ರಟ್ಟಿನ ಕಾರ್ಡಿಗೆ ತೂತು ಹೊಡೆಸಿ, ಕಟ್ಟು ಕಟ್ಟಿ ರೈಲಿಗೆ ಹಾಕಬೇಕು. ಉತ್ತರ ಬರುವಷ್ಟರಲ್ಲಿ ನಮ್ಮ ಕಡೆ ಒಂದು ಮದುವೆಯೇ ಗೊತ್ತಾಗಿ ಮುಗಿದಿರುತ್ತಿತ್ತು.

ಮೊದಲ ಸಲ ಉತ್ತರ ಬರಲಿಲ್ಲ, ಗದರಿಕೆ ಬಂತು. ನಾವು ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಎಂಬುದೊಂದಿದೆ. 'ಆಳ' ಎಂಬ ವೇರಿಯೇಬಲ್‌ನಲ್ಲಿ ಏನೂ ತುಂಬುವ ಮೊದಲೇ ನೀನು ಅದನ್ನು ಬಳಸಿರಬಹುದು ಎಂದು ಅದರ ತಕರಾರು. ವೇರಿಯೇಬಲ್ ಎಂದರೆ ಮತ್ತೇನಲ್ಲ, ಅಂಕಿ ಇಡಲು ಹೆಸರು ಬರೆದಿಟ್ಟ ಗೂಡು. ನನಗೆ ಸಿಟ್ಟೇ ಬಂತು. ಊರಿನ ಕಾರ್ಡಿಗೆ ಒಂದರ ಗುರುತಿದ್ದರೆ ಹಗ್ಗ ಬಿಟ್ಟು ಅಳೆದ ಆಳ. ಎರಡರ ಗುರುತಿದ್ದರೆ ಬಾವಿ ಬತ್ತಿದೆ, ಆಗ ತಳದ ಆಳ. ಇವೆರಡೇ ಗುರುತು, ಹಾಗಾಗಿ ಗೂಡು ತುಂಬಲೇಬೇಕು. ಬೆರಳಿಟ್ಟು ಸಾಲು ಸಾಲು ಓದಿದೆ, ತಪ್ಪಿರಲಿಲ್ಲ. ಆದರೆ ಗದರಿಕೆ ಇರುವ ಕಟ್ಟನ್ನು ಪುಣೆಯವರು ಮುಂದೆ ಓಡಿಸುತ್ತಿರಲಿಲ್ಲ.

ಸರ್ ನಕ್ಕರು. "ಅಷ್ಟಕ್ಕ ಯಾಕ ತಲಿ ಕೆಡಿಸಿಕೊಳ್ತಿ? ಪ್ರತಿ ಊರಿಗೂ ಮೊದಲು ಆಳ ಸೊನ್ನಿ ಅಂತ ಬರದು ಬಿಡು. ಅದರ ಬಾಯಿ ಮುಚ್ಚತದ."

"ಆಳ ಸೊನ್ನಿ ಅಂದ್ರ ಬಾವಿ ತುಂಬಿ ತುಳಕಾಕತ್ತದ ಅಂತ ಆಗ್ತದಲ್ರಿ, ಸರ್."

"ಆ ಸೊನ್ನಿ ಯಾವ ಊರಿಗೂ ಉಳಿಯಂಗಿಲ್ಲ ಅಂತ ನೀನ ಹೇಳಾಕತ್ತೀಯಲ್ಲ!"

ನನ್ನ ಮಾತೇ ನನ್ನ ಕೊರಳಿಗೆ ಬಿತ್ತು. ಆದರೂ ಸರ್ ಕೊಡುತ್ತಿದ್ದದ್ದು ಅಜ್ಜಿಯ ಗುಟುಕು ನೀರನ್ನೇ. ನನಗೆ ಹಟ ಹತ್ತಿತು. ಸುಳ್ಳನ್ನೇ ಹಾಕಬೇಕಾದರೆ ಕಣ್ಣಿಗೆ ರಾಚುವ ಸುಳ್ಳು ಹಾಕುತ್ತೇನೆ ಎಂದು, ಸೊನ್ನೆಯ ಜಾಗದಲ್ಲಿ ೯೯೯೯ ಅಡಿ ಎಂದು ಬರೆದೆ. "ಪಾತಾಳಕ್ಕ ಬಾವಿ ತೋಡಾಕಿ ನೋಡು ನೀ" ಎಂದು ಸರ್ ಇಡೀ ಕಾಲೇಜಿಗೆ ಹೇಳಿಕೊಂಡು ತಿರುಗಿದರು.

ಈ ಸಲ ಗದರಿಕೆ ಇರಲಿಲ್ಲ. ಯಾದಿ ಬಂತು, ಅದರ ತಲೆಯ ಮೇಲೆಯೇ ಕೂತಿತ್ತು: ಚಪಳಗಾಂವ, ೯೯೯೯.

"ಆ ಸಾಲು ಹೊಡದು ಹಾಕು. ಯಾದಿ ಕೊಡೂ ವ್ಯಾಳ್ಯಾ ಆತು" ಎಂದರು ಸರ್.

"ಇಲ್ರಿ ಸರ್. ಹೋಗಿ ನೋಡದ ನಾ ಹೊಡಿಯಂಗಿಲ್ಲ."

ಮರುದಿನ ಎಸ್.ಟಿ. ಬಸ್ಸು ಹಿಡಿದು ಹೋದೆ. ಚಪಳಗಾಂವದ ಬಾವಿಯ ಹತ್ತಿರ ಕುರಿ ಕಾಯುತ್ತ ಒಬ್ಬ ಮುದುಕಿ ಕೂತಿದ್ದಳು. ಅಳೆಯುವವನು ಬಂದಿರಲಿಲ್ಲವೇ ಎಂದು ಕೇಳಿದೆ.

"ಬಂದಿದ್ನವ್ವಾ. ಹಗ್ಗ ಬಿಟ್ಟ, ಬಿಟ್ಟ, ನೀರು ಮುಟ್ಟಲೇ ಇಲ್ಲ. ಕಲ್ಲು ಒಗದ್ರ ಕೆಳಗ ಎಲ್ಲೋ ಬುಳುಕ್ ಅಂತಿತ್ತು. ಏನು ಬರೀಲಿ ಆಯಿ ಅಂದ. ನನಗೇನು ತಿಳೀತೈತಿ? ಏನೂ ಬರೀದ ಹೋದ."

ಅಳೆದದ್ದೂ ಅಲ್ಲ, ಬತ್ತಿದ್ದೂ ಅಲ್ಲ. ಹಗ್ಗಕ್ಕೆ ಎಟುಕದ ಬಾವಿ. ಕಾರ್ಡಿನಲ್ಲಿ ಯಾವ ಗುರುತೂ ಇಲ್ಲ, ಹಾಗಾಗಿ ನನ್ನ ೯೯೯೯ ಹಾಗೆಯೇ ಉಳಿದಿತ್ತು. ಕಂಪೈಲರ್ ಬೆರಳು ತೋರಿಸಿದ್ದ ಸಾಲಿನಲ್ಲಿ ಏನೂ ತಪ್ಪಿರಲಿಲ್ಲ. ಎರಡೇ ಗುರುತು ಎಂದು ನಂಬಿದ್ದ ನನ್ನ ತಲೆಯಲ್ಲಿ ತಪ್ಪಿತ್ತು. ಸೊನ್ನೆ ಹಾಕಿದ್ದರೆ ಈ ಊರು ತುಂಬಿ ತುಳುಕುವ ಬಾವಿಯ ಊರಾಗಿ ಯಾದಿಯ ಕಟ್ಟಕಡೆಗೆ ಹೋಗಿರುತ್ತಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಊರ ಹೆಂಗಸರಿಂದ ಹಗ್ಗ ಇಸಿದುಕೊಂಡು, ಒಂದಕ್ಕೊಂದು ಗಂಟು ಹಾಕಿ ಬಿಟ್ಟೆವು. ಮುಟ್ಟಿತು. ಯಾದಿಯಲ್ಲಿದ್ದ ಎಲ್ಲ ಊರುಗಳಿಗಿಂತ ಆಳ. ನಾನು ೯೯೯೯ ಹೊಡೆದು ನಿಜವಾದ ಅಂಕಿ ಬರೆಯುವುದನ್ನು ಮುದುಕಿ ಬಗ್ಗಿ ನೋಡಿದಳು.

"ಈಗರ ನಮ್ಮೂರು ಬರದ್ಯೇನವ್ವಾ?"

"ಬರದೆ, ಆಯಿ. ಎಲ್ಲಾರಕಿಂತ ಮ್ಯಾಲ."