ಧ್ವನಿ ತಗ್ಗಿಸಿದ ಕೈ

ಕುವೈತ್ ವಿಮಾನ ನಿಲ್ದಾಣ, ಮೇ ೧೯೯೦

ಕಸ್ಟಮ್ಸ್ ಸಾಲಿನಲ್ಲಿ ನನ್ನ ಮುಂದೆ ನಿಂತಿದ್ದವರು ವಿಮಾನದಲ್ಲಿ ಪರಿಚಯವಾದ ಗ್ರೀಸ್ ದೇಶದ ವಯಸ್ಸಾದ ಎಂಜಿನಿಯರ್. ಅವರ ಪೆಟ್ಟಿಗೆಯಲ್ಲಿ ಸಿಕ್ಕ ಕ್ಯಾಸೆಟ್ಟನ್ನು ಅಧಿಕಾರಿ ಮೇಜಿನ ಮೇಲಿದ್ದ ಟೇಪ್ ರೆಕಾರ್ಡರಿಗೆ ಹಾಕಿದ. ನನಗೆ ನನ್ನ ಉಪ್ಪಿನಕಾಯಿ ಡಬ್ಬಿಯದೇ ಚಿಂತೆ.

"ಕೇಳದೆ ಬಿಡುವುದಿಲ್ಲ ಮಾರಾಯ್ರೆ. ಸಂಶಯ ಬಂದರೆ ಖಲಾಸ್, ಕ್ಯಾಸೆಟ್ ವಾಪಸ್ ಸಿಗುವುದಿಲ್ಲ," ಎಂದರು ನನ್ನ ಹಿಂದಿದ್ದ ಶೆಟ್ಟರು. ಅವರು ಕುವೈತಿನದೇ ಸಬ್ಹಾನ್ ಎಂಬಲ್ಲಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದವರು.

ಗಂಡಸಿನ ತುಂಬುಕಂಠವೊಂದು ಎದ್ದಿತು. ತಕ್ಷಣ ಎಂಜಿನಿಯರರ ಕೈ ತಾನಾಗಿಯೇ ಚಾಚಿ ಧ್ವನಿ ತಗ್ಗಿಸಿಬಿಟ್ಟಿತು. ಅಧಿಕಾರಿಯ ಮುಖ ಬಿಗಿಯಿತು.

"ಯಾಕೆ ತಗ್ಗಿಸಿದಿರಿ?" ಎಂದು ಇಂಗ್ಲಿಷಿನಲ್ಲಿ ಕೇಳಿದ.

"ಅಭ್ಯಾಸ. ನಮ್ಮಲ್ಲಿ ಸೇನೆಯ ಆಳ್ವಿಕೆ ಇದ್ದಾಗ ಈ ಹಾಡು ಕಟ್ಟಿದ ಸಂಗೀತಗಾರರೊಬ್ಬರನ್ನು ಜೈಲಿಗೆ ಹಾಕಿದ್ದರು. ಇವರ ಹಾಡು ಕೇಳಿದವರನ್ನೂ ಹಿಡಿಯುತ್ತಿದ್ದರು. ಕಿಟಕಿ ಮುಚ್ಚಿ ಕೇಳುತ್ತಿದ್ದೆವು."

"ಆ ಸಂಗೀತಗಾರರು ಈಗ ಎಲ್ಲಿದ್ದಾರೆ?"

"ಈಗ ಮಂತ್ರಿ."

ಅಧಿಕಾರಿ ಅವರನ್ನೇ ನೋಡಿದ. ಆಮೇಲೆ ಗುಂಡಿ ತಿರುಗಿಸಿ ಧ್ವನಿ ಏರಿಸಿದ. ಹಾಡು ಮುಗಿಯುವವರೆಗೂ ಸಾಲು ಕದಲಲಿಲ್ಲ, ಯಾರೂ ಗೊಣಗಲಿಲ್ಲ. ಒಂದು ಪದವೂ ಅರ್ಥವಾಗದ ನನಗೆ ಮೈ ಜುಂ ಎಂದಿತು. ಎಂಜಿನಿಯರರು ಮಾತ್ರ ತಮ್ಮ ಬಲಗೈಯನ್ನು ಎಡಗೈಯಿಂದ ಗಟ್ಟಿಯಾಗಿ ಹಿಡಿದುಕೊಂಡು ನಿಂತಿದ್ದರು.