ಅಕ್ಕನ ಫೋನು ನಾನು ಆರಿಸಿದ್ದು

ಅಕ್ಕನಿಗೆ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ. ನಾವಿಬ್ಬರೂ ಮಾತಾಡುವುದು ಕೈಸನ್ನೆಯಲ್ಲಿ. ಅವಳು ಮದುವೆಯಾಗಿ ಬಬಲೇಶ್ವರಕ್ಕೆ ಹೋದ ಮೇಲೆ ನಮ್ಮ ಮಾತೆಲ್ಲ ವಿಡಿಯೋ ಕಾಲ್‌ನಲ್ಲೇ. ಆ ಮನೆಯಲ್ಲಿ ಅವಳ ಸನ್ನೆ ಬಲ್ಲವರು ಯಾರೂ ಇಲ್ಲ.

ಹಳೆಯ ಫೋನು ಕೆಟ್ಟಾಗ ಅವಳು ಅಲ್ಲಿಂದ, ನಾನು ಟಿಕೋಟಾದಿಂದ ಬಂದು, ವಿಜಯಪುರದ ಸಿದ್ಧೇಶ್ವರ ಗುಡಿಯ ಹತ್ತಿರದ ಅಂಗಡಿಗೆ ಹೋದೆವು.

"ದೊಡ್ಡದು ಒಯ್ರಿ, ಕಂತಿನ ಮ್ಯಾಲ ಕೊಡ್ತೇನಿ," ಎಂದ ಅಂಗಡಿಯವನು. ಅಕ್ಕ ಬೇಡವೆಂದು ಕೈಯಾಡಿಸಿದಳು. ಕಂತು ತಪ್ಪಿದರೆ ಫೋನೇ ಲಾಕ್ ಆಗುತ್ತದೆಂದು ಅವಳಿಗೆ ಗೊತ್ತಿತ್ತು. ಕೈಯಲ್ಲಿದ್ದ ನಗದಿಗೆ ಎರಡು ಫೋನುಗಳಲ್ಲಿ ಒಂದು ಸಿಗುವಂತಿತ್ತು. ಮೊದಲನೆಯದರಿಂದ ನನಗೆ ಕಾಲ್ ಹಚ್ಚಿ, ಬಾಗಿಲ ಬೆಳಕಿನಲ್ಲಿ ನಿಂತು ಸನ್ನೆ ಮಾಡತೊಡಗಿದಳು. ನನ್ನ ಫೋನಿನಲ್ಲಿ ಅವಳ ಬೆರಳುಗಳು ಕಲೆಸಿಹೋಗಿ ಕಾಣುತ್ತಿದ್ದವು.

"ಫೋನ್ ತಗೊಳಾಕ ಬಂದಾರೋ, ಕುಣಿಯಾಕ ಬಂದಾರೋ?" ಎಂದು ಗಿರಾಕಿಯೊಬ್ಬ ನಕ್ಕ. ಉಳಿದವರೂ ನಕ್ಕರು. ನಾನು ಬೆವರಿದೆ.

ಇನ್ನೊಂದನ್ನೂ ನೋಡೋಣ ಎಂದು ಅಕ್ಕ ಸನ್ನೆ ಮಾಡಿದಳು.

"ಏನಂತಾರ್ರೀ ನಿಮ್ಮ ಅಕ್ಕಾರು?" ಅಂಗಡಿಯವನು ಕೇಳಿದ.

"ಇದ ಸಾಕಂತಾಳ್ರಿ. ಬಿಲ್ ಮಾಡ್ರಿ."

ನಾನು ತಲೆ ತಗ್ಗಿಸಿಯೇ ಹೇಳಿದ್ದೆ. ಆದರೂ ಅವಳು ನನ್ನ ತುಟಿ ಓದಿದ್ದಳು. ಜಗಳವಾಡದೆ ಹಣ ಕೊಟ್ಟಳು. ಆ ಅಂಗಡಿಯಲ್ಲಿ ಅವಳ ಪರವಾಗಿ ಮಾತಾಡಲು ನನ್ನ ಹೊರತು ಯಾರಿದ್ದರು?

ಈಗ ಅವಳು ಆ ಫೋನಿನಿಂದಲೇ ಕಾಲ್ ಮಾಡಿ ಅವಸರದಲ್ಲಿ ಏನೇನೋ ಹೇಳುತ್ತಾಳೆ. ಅರ್ಧ ನನಗೆ ತಿಳಿಯುವುದಿಲ್ಲ. ಇನ್ನೊಮ್ಮೆ ಹೇಳು ಎನ್ನಲು ಕೈ ಏಳುವುದಿಲ್ಲ. ತಿಳಿಯಿತು ಎಂದು ತಲೆಯಾಡಿಸುತ್ತೇನೆ. ಮೊನ್ನೆ ಅವಳು ಅಳುತ್ತಿದ್ದಳು. ಆಗಲೂ ತಲೆಯಾಡಿಸಿದೆ. ಯಾಕೆ ಅತ್ತಳೆಂದು ನನಗೆ ಇನ್ನೂ ಗೊತ್ತಿಲ್ಲ.